ಕಾರಿನೊಳಗಿನ ಅಗ್ಗಿಷ್ಟಿಕೆ

ಪೆಟ್ರೋಲಿನಿಂದ ಓಡುವ ಮೋಟಾರು ಗಾಡಿಯು ಒಂದು ದೃಷ್ಟಿಯಿಂದ ಬಹು ದುಂದುಗಾರ ಯಂತ್ರ. ಅದು ಉರಿಸುವ ಪೆಟ್ರೋಲಿನಿಂದ ಹೊರಬೀಳುವ ಶಾಖದಲ್ಲಿ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುವುದು ಸುಮಾರು ಕಾಲು ಭಾಗ ಮಾತ್ರ. ಉಳಿದುದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊಗೆಯೊಡನೆ ಹಿಂಬದಿಯ ಕೊಳವೆಯಿಂದ ಹೊರಟುಹೋಗುತ್ತದೆ. ಮಿಕ್ಕುದರ ಬಹುಪಾಲು ಎಂಜಿನ್ನಿನ ಸುತ್ತ ಹರಿಯುವ ನೀರಿಗೆ ಸೇರಿ, ಮುಂಭಾಗದ ರೇಡಿಯೇಟರಿನ ಮೂಲಕ ಗಾಳಿಯ ಪಾಲಾಗುತ್ತದೆ. ಮಂಗಳೂರಿನಲ್ಲಿಯೋ ರಾಯಚೂರಿನಲ್ಲಿಯೋ ಕಾರಿಟ್ಟುಕೊಂಡವರಿಗೆ ಈ ಶಾಖ ಬೇಡದ ವಸ್ತು. ಆದರೆ ಅಮೆರಿಕದ ಮಿಚಿಗನ್ ಪ್ರಾಂತದಲ್ಲಿ, ಜನವರಿ ತಿಂಗಳ ಬೆಳಗ್ಗೆ, ಹೊರಗಿನ ಉಷ್ಣತೆ 0 ಡಿಗ್ರಿಗಿಂತಲೂ ಹತ್ತು ಡಿಗ್ರಿ ಕೆಳಗಿರುವಾಗ, ಇದೇ ಶಾಖವೇ ಪ್ರಯಾಣಿಕನಿಗೆ ಆಧಾರ.

ಆ ಪ್ರಾಂತದಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ನಮಗೆ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಅವರು ಅಗ್ಗದಲ್ಲಿ ಕೊಂಡಿರುವುದು 1998ರ ಜೀಪ್ ಚೆರೊಕೀ ಎಂಬ ಗಾಡಿ. ಅದರ ಹೀಟರ್ ಕೋರ್ ಸೋರುತ್ತಿದೆ. ಹೊಸ ಕೋರಿನ ಬೆಲೆ ಅಲ್ಪ; ಆದರೆ ಅದನ್ನು ಕೂರಿಸಿಕೊಡಲು ಗ್ಯಾರೇಜಿನವರು ಕೇಳುವ ಕೂಲಿ ಗಾಡಿಯ ಬೆಲೆಯನ್ನೇ ಮುಟ್ಟುವಂತಿದೆ. ತಾವೇ ಅದನ್ನು ಬದಲಾಯಿಸಿಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. ಬದಲಾಯಿಸಿಕೊಳ್ಳಬಹುದು, ಎರಡು ದಿನದ ಬಿಡುವೂ ಸಾಕಷ್ಟು ತಾಳ್ಮೆಯೂ ಇರಬೇಕು, ಅಷ್ಟೆ. ಆದರೆ ಹಳೆಯದನ್ನು ಕಿತ್ತು ಹೊಸದನ್ನು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನಲಾಗದು. ಕೋರ್ ತಾನಾಗಿ ಒಡೆಯುವುದು ಅಪರೂಪ. ಬಹುಮಟ್ಟಿಗೆ ಅದರೊಳಗೆ ಹರಿಯುವ ನೀರೇ ಅದನ್ನು ತಿಂದು ತೂತು ಮಾಡುತ್ತದೆ. ನೀರಿನ ದೋಷವನ್ನು ತಿದ್ದದೆ ಹೊಸ ಕೋರನ್ನು ಕೂರಿಸಿದವರು ಕೆಲವೇ ವರ್ಷಗಳಲ್ಲಿ ಅದೇ ಶ್ರಮವನ್ನು ಮತ್ತೆ ಪಡಬೇಕಾದೀತು.

ಹೀಟರ್ ಕೋರ್ ಎಂದರೇನು? ಅದೊಂದು ಪುಟ್ಟ ರೇಡಿಯೇಟರ್. ದಪ್ಪನೆಯ ನಿಘಂಟಿನಷ್ಟು ಗಾತ್ರ. ಡ್ಯಾಷ್‌ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಅದು ಅಡಗಿ ಕುಳಿತಿರುತ್ತದೆ. ಎಂಜಿನ್ನಿನಿಂದ ಒಂದು ರಬ್ಬರ್ ಕೊಳವೆ ಬಿಸಿನೀರನ್ನು ಅದಕ್ಕೆ ತರುತ್ತದೆ, ಇನ್ನೊಂದು ಹಿಂದಕ್ಕೆ ಒಯ್ಯುತ್ತದೆ. ಕೋರಿನೊಳಗೆ ಚಪ್ಪಟೆಯಾದ ತೆಳು ನಳಿಕೆಗಳ ಸಾಲು. ನಳಿಕೆಗಳ ನಡುವೆ ಅಲೆಅಲೆಯಾಗಿ ಮಡಿಸಿದ ಲೋಹದ ತೆಳು ರೆಕ್ಕೆಗಳು. ಫ್ಯಾನು ಬೀಸಿದ ತಣ್ಣನೆಯ ಗಾಳಿ ಈ ರೆಕ್ಕೆಗಳ ಸಂದಿನಲ್ಲಿ ನುಸುಳಿ ಬೆಚ್ಚಗಾಗಿ ನಮ್ಮ ಕಾಲಬಳಿಗೂ ಗಾಜಿನ ಮೇಲಕ್ಕೂ ಬರುತ್ತದೆ. ರೆಕ್ಕೆಗಳು ಏಕೆ? ನೀರು ಲೋಹಕ್ಕೆ ಶಾಖವನ್ನು ಬೇಗನೆ ಕೊಡಬಲ್ಲುದು; ಲೋಹದಿಂದ ಶಾಖವನ್ನು ಪಡೆಯುವುದರಲ್ಲಿ ಗಾಳಿ ಮಾತ್ರ ಬಲು ಸೋಮಾರಿ. ಆದ್ದರಿಂದ ಗಾಳಿ ಮುಟ್ಟುವ ಕಡೆಯಲ್ಲಿ ಮೈಯನ್ನು ಹಲವು ಪಟ್ಟು ಹಿಗ್ಗಿಸಬೇಕಾಗುತ್ತದೆ.

ಇದರ ಸಾಮರ್ಥ್ಯವನ್ನು ಸ್ಥೂಲವಾಗಿ ಲೆಕ್ಕಹಾಕಿ ನೋಡೋಣ. ನಿಮಿಷಕ್ಕೆ 6 ಲೀಟರ್ ನೀರು ಕೋರಿನಲ್ಲಿ ಹರಿದು, ಒಳಹೊಕ್ಕಾಗ ಇದ್ದುದಕ್ಕಿಂತ 10 ಡಿಗ್ರಿ ತಣ್ಣಗಾಗಿ ಹೊರಬರುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಕಿಲೋಗ್ರಾಂ ನೀರು ಒಂದು ಡಿಗ್ರಿ ತಣ್ಣಗಾದರೆ ಬಿಟ್ಟುಕೊಡುವ ಶಾಖ 4.2 ಕಿಲೋಜೂಲ್. ಹಾಗಾದರೆ ಸೆಕೆಂಡಿಗೆ 4.2 ಕಿಲೋಜೂಲ್, ಎಂದರೆ 4.2 ಕಿಲೋವಾಟ್ ದೊರೆಯಿತು. ಚಳಿನಾಡಿನ ಗಾಡಿಯ ನೀರಿನಲ್ಲಿ ಅರ್ಧದಷ್ಟು ಗ್ಲೈಕಾಲ್ ಬೆರೆತಿರುವುದರಿಂದ ಇದು ಸ್ವಲ್ಪ ತಗ್ಗುತ್ತದೆ. ಮೂರೂವರೆ ಎಂದು ಹಿಡಿಯೋಣ. ಬಚ್ಚಲುಮನೆಯಲ್ಲಿ ಬಕೆಟ್ಟಿಗೆ ಇಳಿಬಿಡುವ ವಿದ್ಯುತ್ ಕಾಯಿಸುಕೋಲು ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಕಿಲೋವಾಟಿನದು ಎಂಬುದನ್ನು ನೆನೆದರೆ ಈ ಪುಟ್ಟ ವಸ್ತುವಿನ ಯೋಗ್ಯತೆ ತಿಳಿದೀತು. ಸೆಕೆಂಡಿಗೆ 50 ಲೀಟರ್ ಗಾಳಿ ಇದರ ಮೂಲಕ ಹಾಯ್ದರೆ, −10 ಡಿಗ್ರಿಯಲ್ಲಿ ಒಳಹೊಕ್ಕ ಗಾಳಿ 40 ಡಿಗ್ರಿಯಷ್ಟಾಗಿ ಹೊರಬೀಳುತ್ತದೆ. ಇಷ್ಟಕ್ಕೂ ಒಂದು ಹನಿ ಪೆಟ್ರೋಲನ್ನು ಹೆಚ್ಚಾಗಿ ಉರಿಸಬೇಕಾಗಿಲ್ಲ.

ಹೊರಗಿನ ತಾಜಾ ಗಾಳಿಯನ್ನು ಹೀಗೆ ಬಿಸಿನೀರಿನಿಂದ ಕಾಯಿಸಿ ಒಳಗೆ ಬಿಡುವ ಏರ್ಪಾಟನ್ನು ಅಮೆರಿಕದ ನ್ಯಾಷ್ ಕಂಪನಿಯು 1938ರಲ್ಲಿ ತನ್ನ ಕಾರುಗಳಲ್ಲಿ ಅಳವಡಿಸಿತು. ಅದಕ್ಕೆ ಮುಂಚೆ ಹಲವು ಗಾಡಿಗಳಲ್ಲಿ ಹೊಗೆಕೊಳವೆಯ ಸುತ್ತಲಿನ ಗಾಳಿಯನ್ನೇ ಒಳಗೆ ತರುತ್ತಿದ್ದರು. ಕೊಳವೆಯಲ್ಲಿ ಬಿರುಕು ಬಿಟ್ಟರೆ ಬಿಸಿಗಾಳಿಯೊಡನೆ ಇಂಗಾಲದ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷವೂ ಬರುವ ಅಪಾಯ ಅದರಲ್ಲಿತ್ತು.

ಹೀಟರು ಕೇವಲ ಸುಖಸಾಧನವೆಂದು ತಿಳಿಯಬಾರದು. ಕಾರಿನಲ್ಲಿ ಕುಳಿತವರ ಉಸಿರಿನಲ್ಲಿ ನೀರಿನ ಆವಿ ಇದೆ. ಮುಂಗಾಜು ತಣ್ಣಗಿದ್ದರೆ ಆ ಆವಿ ಅಲ್ಲಿ ಮಂಜಾಗಿ ಕೂರುತ್ತದೆ. ಗಾಜು ಇನ್ನೂ ತಣ್ಣಗಿದ್ದರೆ ಒಳಮೈಯಲ್ಲಿಯೇ ಹೆಪ್ಪುಗಟ್ಟುತ್ತದೆ. ಚಾಲಕನ ಕಣ್ಣು ಕಟ್ಟಿದಂತಾಗುತ್ತದೆ. ಬೆಚ್ಚನೆಯ ಗಾಳಿ ಗಾಜನ್ನು ಕಾಯಿಸುವುದಲ್ಲದೆ, ಹೆಚ್ಚು ಆವಿಯನ್ನು ತನ್ನಲ್ಲಿ ಹಿಡಿದುಕೊಳ್ಳಬಲ್ಲುದಾದ ಕಾರಣ ಆ ಮಂಜನ್ನು ಹೀರಿಕೊಳ್ಳುತ್ತದೆ. ಮಡಿಕೇರಿಯ ಮಳೆಗಾಲದ ಬೆಳಗಿನಲ್ಲಿ ಘಟ್ಟ ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ರೋಗಲಕ್ಷಣಗಳು. ಕೋರ್ ಸೋರತೊಡಗಿದಾಗ ಕಾರಿನೊಳಗೆ ಸಿಹಿಯಾದ ಒಂದು ವಾಸನೆ ಮೊದಲು ತಿಳಿಯುತ್ತದೆ, ಅದು ಗ್ಲೈಕಾಲಿನದು. ಗಾಜಿನ ಒಳಮೈಯಲ್ಲಿ ಬಟ್ಟೆಯಿಂದ ಒರೆಸಿದರೂ ಹೋಗದ ಜಿಡ್ಡು ಪೊರೆ ಕಟ್ಟುತ್ತದೆ. ಪಕ್ಕದ ಸೀಟಿನ ಕಾಲಬಳಿಯ ಹಾಸು ಒದ್ದೆಯಾಗುತ್ತದೆ. ಎಂಜಿನ್ನಿನ ನೀರಿನ ಮಟ್ಟ ದಿನದಿನಕ್ಕೆ ಇಳಿಯುತ್ತದೆ, ಆದರೆ ನೆಲದ ಮೇಲೆ ಹನಿ ಕಾಣದು. ಹವಾನಿಯಂತ್ರಣ ಯಂತ್ರದ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಾಗಲೂ ಇದೇ ಹಾಸು ಒದ್ದೆಯಾಗುವುದುಂಟು. ಬೆರಳುಗಳ ನಡುವೆ ತಿಕ್ಕಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಬಣ್ಣವಿದ್ದು ನುಣುಚಿಕೊಳ್ಳುವಂತಿದ್ದರೆ ಅದು ಕೋರಿನದು, ಬಣ್ಣವೂ ವಾಸನೆಯೂ ಇಲ್ಲದ ಬರಿಯ ನೀರಾದರೆ ಕೋರಿನ ತಪ್ಪಲ್ಲ. ರುಚಿ ನೋಡುವ ಸಾಹಸ ಮಾತ್ರ ಯಾರೂ ಮಾಡಬಾರದು. ಕಾರಣವನ್ನು ಮುಂದೆ ಹೇಳುತ್ತೇವೆ.

ಸೋರದೆ, ಬರಿದೆ ತಣ್ಣನೆಯ ಗಾಳಿ ಬರುತ್ತಿದ್ದರೆ ಕೋರನ್ನು ಕೀಳುವ ಮೊದಲು ಕೈಯಿಂದಲೇ ಒಂದು ಪರೀಕ್ಷೆ ಮಾಡಬಹುದು. ಎಂಜಿನ್ನು ಕಾದ ಮೇಲೆ, ಫ್ಯಾನಿನ ರೆಕ್ಕೆಗಳಿಂದಲೂ ಪಟ್ಟಿಯಿಂದಲೂ ಕೈಯನ್ನು ದೂರವಿಟ್ಟು, ಕೋರಿನ ಎರಡೂ ರಬ್ಬರ್ ಕೊಳವೆಗಳನ್ನು ಒಂದು ಕ್ಷಣ ಮುಟ್ಟಿ ನೋಡಬೇಕು. ಒಂದು ಬಿಸಿಯಾಗಿದ್ದು ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ. ಎರಡೂ ಬಿಸಿಯಿದ್ದರೆ ಕೋರ್ ಸರಿಯಾಗಿದೆ, ಬಿಸಿಗಾಳಿಯನ್ನೂ ತಣ್ಣನೆಯ ಗಾಳಿಯನ್ನೂ ಬೆರೆಸುವ ಒಳಬಾಗಿಲು ಕೆಟ್ಟಿದೆ. ಎರಡೂ ತಣ್ಣಗಿದ್ದರೆ ನೀರಿನ ಮಟ್ಟ ಇಳಿದಿರಬೇಕು, ಇಲ್ಲವೆ ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ನು ಕಾಯುತ್ತಲೇ ಇಲ್ಲ. ಹೀಗೆ ಮುಟ್ಟಿ ನೋಡದೆ ಡ್ಯಾಷ್‌ಬೋರ್ಡನ್ನು ಕಳಚಲು ಹೊರಡುವುದು ನಾಡಿ ನೋಡದೆ ಶಸ್ತ್ರ ಹಿಡಿದಂತೆ.

ನೀರು ಲೋಹವನ್ನು ತಿನ್ನುವುದು ಹೇಗೆ? ಹಳೆಯ ಕೋರುಗಳು ತಾಮ್ರ ಹಿತ್ತಾಳೆಗಳವು, ಸೀಸದ ಬೆಸುಗೆಯವು, ಈಚಿನವು ಅಲ್ಯೂಮಿನಿಯಂನವು. ಎಂಜಿನ್ನು ಎರಕದ ಕಬ್ಬಿಣದ್ದು. ಬೇರೆ ಬೇರೆ ಲೋಹಗಳು ಒಂದೇ ದ್ರವದಲ್ಲಿ ಅದ್ದಿದ್ದರೆ ಅದು ವಿದ್ಯುತ್ ಕೋಶವೇ ಆಗುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಇದನ್ನು ತಡೆಯಲೆಂದು ಕೂಲೆಂಟ್ ದ್ರವದಲ್ಲಿ ತುಕ್ಕುನಿರೋಧಕ ಲವಣಗಳನ್ನು ಬೆರೆಸಿರುತ್ತಾರೆ. ಅವು ಶಾಶ್ವತವಲ್ಲ, ವರ್ಷಗಳು ಕಳೆದಂತೆ ತೀರಿಹೋಗುತ್ತವೆ. ಗ್ಲೈಕಾಲ್ ಕೂಡ ಬಿಸಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಆಮ್ಲಗಳಾಗುತ್ತದೆ. ಆಗ ಅಲ್ಯೂಮಿನಿಯಂನ ಮೈಮೇಲಿನ ರಕ್ಷಕ ಪೊರೆ ಕರಗುತ್ತದೆ. ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ನಳಿಕೆಯ ಗೋಡೆ ಎಷ್ಟು ಕಾಲ ತಾಳೀತು? ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರು ಹೊಯ್ಯುವುದು ನಮ್ಮ ಕಡೆಯ ದೋಷ. ಅದರ ಸುಣ್ಣ ನಳಿಕೆಗಳಲ್ಲಿ ಗರಣೆಗಟ್ಟುತ್ತದೆ, ಹಂಡೆಯ ತಳದಲ್ಲಿ ಕಟ್ಟುವಂತೆಯೇ. ಮೊದಲು ಮುಚ್ಚಿಹೋಗುವುದು ಅತಿ ಸಣ್ಣ ನಳಿಕೆಗಳುಳ್ಳ ಹೀಟರ್ ಕೋರು.

ಇನ್ನೊಂದು ಕಾರಣ ಅಷ್ಟಾಗಿ ಯಾರ ಗಮನಕ್ಕೂ ಬಾರದು. ಎಂಜಿನ್ನನ್ನು ಬ್ಯಾಟರಿಯ ಋಣಾಗ್ರಕ್ಕೆ ಜೋಡಿಸುವ ತಂತಿಯ ಹಿಡಿತ ತುಕ್ಕಿನಿಂದ ಸಡಿಲವಾದರೆ, ವಿದ್ಯುತ್ತು ಮರಳುವ ದಾರಿಯನ್ನು ಹುಡುಕುತ್ತ ಸ್ವಲ್ಪ ಭಾಗ ನೀರಿನ ಮೂಲಕ ಹರಿಯುತ್ತದೆ. ಹರಿದ ಕಡೆಯಲ್ಲಿ ಲೋಹವನ್ನು ಕರಗಿಸುತ್ತದೆ. ಇದನ್ನು ಪರೀಕ್ಷಿಸಲು ಸಾಮಾನ್ಯ ವೋಲ್ಟ್‌ಮೀಟರ್ ಸಾಕು. ಎಂಜಿನ್ನು ತಣ್ಣಗಿರುವಾಗ ಮುಚ್ಚಳ ತೆಗೆದು, ಮೀಟರಿನ ಋಣ ಕಡ್ಡಿಯನ್ನು ಬ್ಯಾಟರಿಯ ಋಣಾಗ್ರಕ್ಕೂ ಇನ್ನೊಂದನ್ನು ಲೋಹಕ್ಕೆ ತಾಗದಂತೆ ನೀರಿಗೂ ಹಿಡಿಯಬೇಕು. ದೀಪಗಳನ್ನೂ ಫ್ಯಾನನ್ನೂ ಒಂದೊಂದಾಗಿ ಹಾಕುತ್ತ ಹೋದಂತೆ ಮುಳ್ಳು ವೋಲ್ಟಿನ ಹತ್ತರಲ್ಲಿ ಒಂದೆರಡು ಪಾಲಿನೊಳಗೇ ನಿಂತರೆ ಚಿಂತೆಯಿಲ್ಲ. ಯಾವುದೋ ಒಂದನ್ನು ಹಾಕಿದೊಡನೆ ಅದು ಹತ್ತರಲ್ಲಿ ಮೂರು ಪಾಲನ್ನು ಮೀರಿದರೆ, ಆ ಉಪಕರಣದ ಮರುದಾರಿಯ ತಂತಿಯನ್ನು ಉಜ್ಜಿ ಬಿಗಿಮಾಡುವುದು ಹೊಸ ಕೋರನ್ನು ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ನಮ್ಮ ಊರುಗಳ ಮೆಕಾನಿಕ್‌ಗಳು ಸೋರುವ ಕೋರಿಗೆ ಮಾಡುವ ಚಿಕಿತ್ಸೆ ಬೇರೆ. ಎರಡು ರಬ್ಬರ್ ಕೊಳವೆಗಳನ್ನೂ ಕೋರಿನಿಂದ ಬಿಡಿಸಿ ಒಂದಕ್ಕೊಂದು ಜೋಡಿಸಿಬಿಡುತ್ತಾರೆ. ನೀರು ಕೋರನ್ನು ಹೊಗದೆ ಎಂಜಿನ್ನಿಗೇ ಮರಳುತ್ತದೆ. ಹಲವು ಗಾಡಿಗಳಲ್ಲಿ ಕೋರಿಗೆ ಹೋಗುವ ನೀರನ್ನು ತಡೆಯುವ ಕವಾಟವಿಲ್ಲವಾದ್ದರಿಂದ, ಹೀಟರನ್ನು ಎಂದೂ ಬಳಸದವರ ಕಾರಿನಲ್ಲಿಯೂ ಅದು ಸದಾ ತುಂಬಿ ಹರಿಯುತ್ತಿರುತ್ತದೆ, ಆದ್ದರಿಂದ ಸೋರುತ್ತದೆ. ಬಯಲುಸೀಮೆಯಲ್ಲಿ ಈ ಉಪಾಯವನ್ನು ನಾವು ಆಕ್ಷೇಪಿಸಲಾರೆವು. ಎರಡು ಬಾಯಿಗಳಿಗೂ ಬಿರಡೆ ಹಾಕುವುದು ಮಾತ್ರ ಸಲ್ಲದು. ಕೆಲವು ಎಂಜಿನ್ನುಗಳಲ್ಲಿ ನೀರಿನ ಸುತ್ತು ಈ ದಾರಿಯನ್ನೇ ನಂಬಿರುತ್ತದೆ. ಮಿಚಿಗನ್ನಿನಲ್ಲಿಯಾದರೋ ಈ ಉಪಾಯ ಗಾಡಿಯನ್ನು ಮನೆಗೆ ತಲಪಿಸುವಷ್ಟಕ್ಕೆ ಮಾತ್ರ. ಸೋರಿಕೆ ನಿಲ್ಲಿಸುವುದೆಂದು ಮಾರುವ ಪುಡಿಗಳ ವಿಷಯದಲ್ಲಿ ನಮಗೆ ಒಳ್ಳೆಯ ಅಭಿಪ್ರಾಯವಿಲ್ಲ. ತೂತನ್ನು ಮುಚ್ಚುವ ಪುಡಿಗೆ ತೂತು ಯಾವುದು, ನಳಿಕೆ ಯಾವುದು ಎಂದು ತಿಳಿಯದು.

ಕೆಲಸಕ್ಕೆ ಕೈಹಾಕುವ ಮುನ್ನ ನಾಲ್ಕು ಅಪಾಯಗಳನ್ನು ಅರಿತಿರಬೇಕು. ಮೊದಲನೆಯದು ರೇಡಿಯೇಟರಿನ ಮುಚ್ಚಳ. ಅದು ಪ್ರೆಷರ್ ಕುಕ್ಕರಿನ ತೂಕದಂತೆ ಒಳಗಿನ ಒತ್ತಡವನ್ನು ವಾಯುಮಂಡಲಕ್ಕಿಂತ ಸುಮಾರು ಇನ್ನೊಂದು ಪಟ್ಟು ಹೆಚ್ಚಿಸಿ ನಿಲ್ಲಿಸುತ್ತದೆ. ಅಷ್ಟು ಒತ್ತಡದಲ್ಲಿ ನೀರು ಕುದಿಯುವುದು 120 ಡಿಗ್ರಿಯಲ್ಲಿ. ಒಳಗೆ 110 ಡಿಗ್ರಿಯಲ್ಲಿ ಶಾಂತವಾಗಿ ಕಾಣುವ ನೀರಿರುವಾಗ ಮುಚ್ಚಳವನ್ನು ತಿರುಗಿಸಿ ತೆಗೆದರೆ ಏನಾಗುತ್ತದೆ? ಒತ್ತಡ ಇಳಿದೊಡನೆ ಆ ನೀರಿನ ಕುದಿಬಿಂದು 100 ಡಿಗ್ರಿಗೆ ಇಳಿಯಿತು. ಮಿಕ್ಕ 10 ಡಿಗ್ರಿಯ ಶಾಖ ಆವಿಯಾಗಿ ಹೊರಬರಲೇಬೇಕು. ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ ನೀರು ಆವಿಯಾಗುತ್ತದೆ, ನಿಜ. ಆದರೆ ಒಂದು ಲೀಟರ್ ನೀರಿನಿಂದ ಹಾಗೆ ಹೊರಡುವ ಹದಿನೆಂಟು ಗ್ರಾಂ ಆವಿ ತುಂಬುವ ಜಾಗ ಸುಮಾರು 30 ಲೀಟರ್! ಹತ್ತು ಲೀಟರ್ ನೀರುಳ್ಳ ಗಾಡಿಯಲ್ಲಿ ಅದು 300 ಲೀಟರ್. ಆ ಆವಿ ಕುದಿಯುವ ನೀರನ್ನೂ ಜತೆಗೆ ಚಿಮ್ಮಿಸಿಕೊಂಡು ಮುಖಕ್ಕೆ ಬರುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಗಾಡಿಯನ್ನು ನಿಲ್ಲಿಸಿ, ಬೆಳಗ್ಗೆ ಪೂರ್ತಿ ತಣಿದ ಮೇಲೆ ಮುಚ್ಚಳವನ್ನು ಮುಟ್ಟಬೇಕು.

ಎರಡನೆಯದು ಏರ್‌ಬ್ಯಾಗ್. ಚೆರೊಕೀ ಗಾಡಿಯಲ್ಲಿ 1995ರಿಂದ ಚಾಲಕನ ಮುಂದೆಯೂ 1997ರಿಂದ ಪಕ್ಕದವರ ಮುಂದೆಯೂ ಅದಿದೆ. ಬ್ಯಾಟರಿಯ ಋಣಾಗ್ರವನ್ನು ಬಿಚ್ಚಿದ ಮೇಲೆಯೂ ಅದರ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರುತ್ತದೆ. ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾಯದೆ ಡ್ಯಾಷ್‌ಬೋರ್ಡಿಗೆ ಕೈಹಾಕಬಾರದು. ಮೂರನೆಯದು ಹವಾನಿಯಂತ್ರಣದ ಅನಿಲ. ಈ ಗಾಡಿಯಲ್ಲಿ ಗಾಳಿಯನ್ನು ತಂಪುಮಾಡುವ ಸುರುಳಿಯೂ ಹೀಟರ್ ಕೋರೂ ಒಂದೇ ಪೆಟ್ಟಿಗೆಯಲ್ಲಿವೆ. ಪೆಟ್ಟಿಗೆಯನ್ನು ಹೊರತೆಗೆಯಬೇಕಾದರೆ ಅನಿಲದ ಕೊಳವೆಗಳನ್ನು ಬಿಚ್ಚಬೇಕು. ಈ ಅನಿಲದ ಕುದಿಬಿಂದು −26 ಡಿಗ್ರಿ. ಚರ್ಮಕ್ಕೆ ತಾಗಿದರೆ ಮಾಂಸ ಹೆಪ್ಪುಗಟ್ಟುತ್ತದೆ. ಗಾಳಿಗೆ ಬಿಟ್ಟರೆ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಹಾಗೆ ಬಿಡುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ. ಇಡೀ ಕೆಲಸದಲ್ಲಿ ಇದೊಂದನ್ನು ಮಾತ್ರ, ಅನಿಲವನ್ನು ಹೀರಿ ತುಂಬಿಕೊಳ್ಳುವ ಯಂತ್ರವುಳ್ಳ ಗ್ಯಾರೇಜಿನಲ್ಲಿ ಹಣ ಕೊಟ್ಟು ಮಾಡಿಸಿಕೊಳ್ಳುವುದೇ ಜಾಣತನ.

ನಾಲ್ಕನೆಯದು ಗ್ಲೈಕಾಲ್. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ, ಸುಣ್ಣದೊಡನೆ ಸೇರಿ ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಅವನ್ನು ಕೆಡಿಸುತ್ತದೆ. ಮಕ್ಕಳೂ ನಾಯಿಗಳೂ ಸಿಹಿಗೆ ಆಸೆಪಟ್ಟು ಕುಡಿಯುವುದುಂಟು. ಇಳಿಸಿದ ದ್ರವವನ್ನು ತೆರೆದ ಬೋಗುಣಿಯಲ್ಲಿ ಬಿಡದೆ ಮುಚ್ಚಳವಿರುವ ಡಬ್ಬದಲ್ಲಿ ತುಂಬಿ ಹೆಸರು ಬರೆದಿಡಬೇಕು. ಬಾಯಿಂದ ಹೀರಿ ಕೊಳವೆಯಲ್ಲಿ ಇಳಿಸುವ ಅಭ್ಯಾಸವನ್ನು ಇಲ್ಲಿ ಮರೆಯಬೇಕು. ಯಾರಾದರೂ ಕುಡಿದರೆ, ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಈಗ ಕೆಲಸ. ರೇಡಿಯೇಟರಿನ ತಳದ ತಿರುಪನ್ನು ಸಡಿಲಿಸಿ ನೀರಿಳಿಸಿದ ಮೇಲೆ, ಎಂಜಿನ್ ಕಡೆಯ ತಗಡಿನ ಗೋಡೆಯಿಂದ ಹೊರಬಂದಿರುವ ಕೋರಿನ ಎರಡು ಬಾಯಿಗಳಿಂದ ರಬ್ಬರ್ ಕೊಳವೆಗಳನ್ನು ಬಿಡಿಸಬೇಕು. ಹಳೆಯ ರಬ್ಬರು ಲೋಹಕ್ಕೆ ಅಂಟಿಕೊಂಡಿರುತ್ತದೆ. ತಿರುಚಿ ಎಳೆದರೆ ಬಾಯಿ ಮುರಿದು ಒಳಗಿನ ನೀರೆಲ್ಲ ಹಾಸಿನ ಮೇಲೆ ಚೆಲ್ಲೀತು. ಚಾಕುವಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸುವುದು ಲೇಸು. ಹೊಸ ಕೋರಿಗೆ ಹೊಸ ಕೊಳವೆಗಳೇ ತಕ್ಕವು. ಕೋರಿನಲ್ಲಿ ನಿಂತ ನೀರನ್ನು ಕೈಪಂಪಿನಿಂದ ಮೆಲ್ಲಗೆ ಊದಿ ಹೊರಡಿಸಬೇಕು.

ಡ್ಯಾಷ್‌ಬೋರ್ಡನ್ನು ಕಳಚುವುದರಲ್ಲಿ ವಿಜ್ಞಾನವೇನೂ ಇಲ್ಲ, ಶಿಸ್ತಿದೆ. ತಿರುಪುಗಳ ಉದ್ದ ಬೇರೆ ಬೇರೆ. ಒಂದೊಂದು ಜಾಗದವನ್ನು ಒಂದೊಂದು ಲಕೋಟೆಯಲ್ಲಿ ಹಾಕಿ ಮೇಲೆ ಬರೆಯುತ್ತ ಹೋದರೆ, ಕೊನೆಯಲ್ಲಿ ಒಂದು ಹಿಡಿ ತಿರುಪು ಮಿಗುವ ಪ್ರಸಂಗ ಬಾರದು. ವಿದ್ಯುತ್ ತಂತಿಯ ಜೋಡಣೆಗಳನ್ನು ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳುವುದು ಈ ಕಾಲದಲ್ಲಿ ಸುಲಭ. ಇಪ್ಪತ್ತೈದು ವರ್ಷ ದಾಟಿದ ಪ್ಲಾಸ್ಟಿಕ್ಕು ಚಳಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಬೆಚ್ಚನೆಯ ಕೊಟ್ಟಿಗೆಯಲ್ಲಿ ಕೆಲಸ ಮಾಡುವ ಅನುಕೂಲವಿದ್ದರೆ ಬಳಸಿಕೊಳ್ಳಬೇಕು. ಎಂಜಿನ್ ಕಡೆಯ ನಟ್ಟುಗಳನ್ನೂ ಬಿಚ್ಚಿದ ಮೇಲೆ ಪೆಟ್ಟಿಗೆ ಹಿಂದಕ್ಕೆ ಸರಿದು ಕೈಗೆ ಬರುತ್ತದೆ. ಕೆಲವು ಬೇರೆ ಗಾಡಿಗಳಲ್ಲಿ ಇಷ್ಟೆಲ್ಲ ಬೇಕಿಲ್ಲ, ಕಾಲಬಳಿಯ ಮುಚ್ಚಳವೊಂದನ್ನು ತೆಗೆದರೆ ಕೋರು ಜಾರಿ ಬರುತ್ತದೆ. ಆದ್ದರಿಂದ ಮೊದಲು ಕೈಪಿಡಿಯನ್ನು ಓದಬೇಕು.

ಹೊಸ ಕೋರನ್ನು ಹಳೆಯದರ ಪಕ್ಕದಲ್ಲಿಟ್ಟು ಅಳೆದು ನೋಡದೆ ಕೂರಿಸಬಾರದು. ಬಾಯಿಗಳ ಬಾಗು ಬೆರಳಷ್ಟು ಬೇರೆಯಿದ್ದರೂ ಗೋಡೆಯ ತೂತಿಗೆ ಹೊಂದದು. ಅನೇಕರು ಅಲಕ್ಷ್ಯ ಮಾಡುವ ವಸ್ತುವೊಂದಿದೆ: ಕೋರಿನ ಅಂಚಿನ ಸುತ್ತ ಇರುವ ಮೃದುವಾದ ಸ್ಪಂಜಿನ ಪಟ್ಟಿ. ಹಳೆಯದು ಪುಡಿಪುಡಿಯಾಗಿರುತ್ತದೆ. ಹೊಸ ಪಟ್ಟಿ ಅಂಟಿಸದೆ ಬಿಟ್ಟರೆ ಗಾಳಿ ಸುಲಭದ ದಾರಿ ಹಿಡಿದು ಕೋರಿನ ಪಕ್ಕದಿಂದಲೇ ನುಸುಳಿಹೋಗುತ್ತದೆ. ಕೋರು ಕಾದಿದ್ದರೂ ಬರುವ ಗಾಳಿ ಉಗುರುಬೆಚ್ಚಗೆ. ಕೊಳವೆಯ ಕ್ಲಿಪ್ಪುಗಳನ್ನು ಬಿಗಿಯುವಾಗಲೂ ಹದವಿರಲಿ, ಅಲ್ಯೂಮಿನಿಯಂ ಬಾಯಿ ಬೇಗ ಚಪ್ಪಟೆಯಾಗುತ್ತದೆ.

ಡ್ಯಾಷ್‌ಬೋರ್ಡನ್ನು ಮತ್ತೆ ಜೋಡಿಸುವ ಮೊದಲೇ ನೀರು ತುಂಬಿ ಸೋರಿಕೆಯನ್ನು ಪರೀಕ್ಷಿಸಬೇಕು. ತುಂಬುವ ಮೊದಲು, ಕೊಳಕು ಹೋಗುವವರೆಗೆ ಎಂಜಿನ್ನನ್ನೂ ರೇಡಿಯೇಟರನ್ನೂ ತೊಳೆದು, ತಯಾರಕರು ಹೇಳಿದ ಜಾತಿಯ ಗ್ಲೈಕಾಲನ್ನು ಭಟ್ಟಿ ಇಳಿಸಿದ ನೀರಿನೊಡನೆ ಸಮಪ್ರಮಾಣದಲ್ಲಿ ಬೆರೆಸಬೇಕು. ಅಂಥ ಮಿಶ್ರಣ ಹೆಪ್ಪುಗಟ್ಟುವುದು ಸುಮಾರು −37 ಡಿಗ್ರಿಯಲ್ಲಿ. ಹೆಚ್ಚು ಗ್ಲೈಕಾಲ್ ಹೆಚ್ಚು ರಕ್ಷಣೆ ಎಂದು ತಿಳಿದು ಅದನ್ನೊಂದನ್ನೇ ಹೊಯ್ದರೆ ಫಲ ವಿಪರೀತ: ನೀರು ಬೆರೆಯದ ಗ್ಲೈಕಾಲ್ −13 ಡಿಗ್ರಿಯ ಹೊತ್ತಿಗೇ ಗಟ್ಟಿಯಾಗುತ್ತದೆ.

ಉಳಿದುದು ಒಳಗೆ ಸಿಕ್ಕಿಬಿದ್ದ ಗಾಳಿ. ಹೀಟರ್ ಕೋರು ಎತ್ತರದಲ್ಲಿದ್ದರೆ ಗುಳ್ಳೆ ಅಲ್ಲಿಯೇ ತಂಗುತ್ತದೆ. ಪಂಪಿಗೆ ನೀರನ್ನು ತಳ್ಳಲು ಬರುತ್ತದೆಯೇ ಹೊರತು ಗುಳ್ಳೆಯನ್ನಲ್ಲ. ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು, ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ ಎಂಜಿನ್ನನ್ನು ಓಡಿಸಬೇಕು. ಥರ್ಮೋಸ್ಟಾಟ್ ತೆರೆಯುವವರೆಗೆ ಗುಳ್ಳೆಗಳು ಏಳುತ್ತವೆ, ಮಟ್ಟ ಇಳಿಯುತ್ತದೆ. ಇಳಿದಷ್ಟನ್ನೂ ತುಂಬುತ್ತ ಹೋಗಿ, ದ್ರವ ಉಕ್ಕತೊಡಗುವ ಮುನ್ನ ಮುಚ್ಚಳ ಹಾಕಬೇಕು. ಉಷ್ಣತಾಮಾಪಕದ ಮುಳ್ಳಿನ ಮೇಲೆ ಕಣ್ಣಿರಲಿ: ಅದು ಏರುತ್ತಿದ್ದು ಬರುವ ಗಾಳಿ ತಣ್ಣಗೇ ಇದ್ದರೆ ಗುಳ್ಳೆ ಇನ್ನೂ ಹೋಗಿಲ್ಲವೆಂದರ್ಥ, ಎಂಜಿನ್ನನ್ನು ಆರಿಸಿ, ತಣಿಸಿ, ಮತ್ತೆ ಮೊದಲುಮಾಡಬೇಕು. ಅರ್ಧ ಗಂಟೆ ಓಡಿದ ಮೇಲೆ ಪೆಟ್ಟಿಗೆಯ ಅಡಿಯಲ್ಲಿ ಬಿಳಿಯ ಕಾಗದವನ್ನು ಹಾಸಿ ರಾತ್ರಿಯೆಲ್ಲ ಬಿಡುವುದು ಒಳ್ಳೆಯದು. ಬೆಳಗ್ಗೆ ಕಾಗದದ ಮೇಲೆ ಬಣ್ಣದ ಕಲೆ ಕಾಣದಿದ್ದರೆ ಡ್ಯಾಷ್‌ಬೋರ್ಡನ್ನು ಮುಚ್ಚಬಹುದು. ಒದ್ದೆಯಾದ ಹಾಸನ್ನೂ ಅದರ ಕೆಳಗಿನ ದಪ್ಪ ಪದರವನ್ನೂ ಹೊರತೆಗೆದು ತೊಳೆದು ಒಣಗಿಸದಿದ್ದರೆ ಗಾಜಿನ ಮೇಲಿನ ಜಿಡ್ಡು ಇನ್ನೂ ಕೆಲವು ವಾರ ಕಾಡುತ್ತದೆ. ದ್ರವವನ್ನು ಬದಲಾಯಿಸಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ರೇಡಿಯೇಟರಿನ ಬಳಿ ಅಂಟಿಸಿಡುವುದು ಕಡೆಯ ಕೆಲಸ.